ಮುಂಭಾಗದ ಸಬ್‌ಫ್ರೇಮ್ ದುರಸ್ತಿ

ಕಾರಿನ ಮೂತಿಯ ಅಡಿಯಲ್ಲಿ, ಎಂಜಿನ್ನಿನ ಹೊಟ್ಟೆಯ ಕೆಳಗೆ, ಮೈಗೆ ಬೋಲ್ಟುಗಳಿಂದ ಬಿಗಿದ ಗಟ್ಟಿ ಚೌಕಟ್ಟೊಂದಿರುತ್ತದೆ. ಇದೇ ಮುಂಭಾಗದ ಸಬ್‌ಫ್ರೇಮ್. ಮುಂಚಕ್ರಗಳ ಲೋವರ್ ಆರ್ಮ್‌ಗಳು ಇದಕ್ಕೆ ಕಚ್ಚಿಕೊಂಡಿರುತ್ತವೆ. ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ರ‍್ಯಾಕ್, ಆಂಟಿ ರೋಲ್ ಬಾರ್, ಎಂಜಿನ್ನಿನ ಒಂದೆರಡು ಮೌಂಟ್‌ಗಳೂ ಇದರ ಮೇಲೆಯೇ ಕೂರುತ್ತವೆ. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಹೊರಳಿದಾಗ, ಗುಂಡಿಗೆ ಇಳಿದಾಗ ಮುಂಚಕ್ರಗಳ ಮೇಲೆ ಬೀಳುವ ಪೆಟ್ಟಿನ ದೊಡ್ಡ ಪಾಲು ಮೊದಲು ತಾಗುವುದು ಈ ಚೌಕಟ್ಟಿಗೆ.

ಇದಕ್ಕೆ ಹೆಸರುಗಳು ಹಲವು. ಕರ್ನಾಟಕದ ಗ್ಯಾರೇಜುಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಕ್ರಾಸ್ ಮೆಂಬರ್. ಸುಜುಕಿಯ ಬಿಡಿಭಾಗಗಳ ಪಟ್ಟಿಯಲ್ಲಿ ಇದು ಸಸ್ಪೆನ್ಷನ್ ಫ್ರೇಮ್. ಎಂಜಿನ್ ಇದರ ಮೇಲೆಯೇ ಕೂರುವ ಕಾರುಗಳಲ್ಲಿ ಎಂಜಿನ್ ಕ್ರೇಡಲ್, ಅಂದರೆ ತೊಟ್ಟಿಲು. ಹೆಸರು ಯಾವುದಾದರೂ ದುರಸ್ತಿಯ ಸಮಸ್ಯೆ ಒಂದೇ. ಬಾಗಿಲಿಗೋ ಮಡ್‌ಗಾರ್ಡಿಗೋ ತುಕ್ಕು ಹಿಡಿದರೆ ಕಾರು ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ, ಓಟ ಕೆಡುವುದಿಲ್ಲ. ಸಬ್‌ಫ್ರೇಮ್ ಐದು ಮಿಲಿಮೀಟರ್ ಸರಿದರೆ ನೋಡುವವರಿಗೆ ಏನೂ ಕಾಣದು, ಆದರೆ ಚಕ್ರಗಳು ನಿಲ್ಲುವ ಕೋನವೇ ಬದಲಾಗಿರುತ್ತದೆ. ಆದ್ದರಿಂದ ಇದು ಬೆಸುಗೆಯ ಕೆಲಸವಾಗುವ ಮೊದಲು ಅಳತೆಯ ಕೆಲಸ.

ಹುಟ್ಟು ಮತ್ತು ಬೆಳವಣಿಗೆ

ಮೊದಮೊದಲ ಕಾರುಗಳು ಎತ್ತಿನ ಗಾಡಿಯ ಹಾಗೆ ಎರಡು ಭಾಗಗಳ ಜೋಡಣೆ: ಕೆಳಗೆ ಏಣಿಯಂಥ ಷಾಸಿ, ಅದರ ಮೇಲೆ ಕೂರಿಸಿದ ಮೈ. 1922ರ ಲ್ಯಾನ್ಸಿಯಾ ಲಾಂಬ್ಡಾ ಮತ್ತು 1934ರ ಸಿಟ್ರೋಯೆನ್ ಟ್ರ್ಯಾಕ್ಷನ್ ಅವಾಂತ್ ಈ ಪದ್ಧತಿಯನ್ನು ಬಿಟ್ಟು, ಮೈಯೇ ಭಾರ ಹೊರುವ ರಚನೆಯನ್ನು ತಂದವು. ತಗಡನ್ನು ಮಡಚಿ, ಬೆಸೆದು, ಪೆಟ್ಟಿಗೆಯಂತೆ ಕಟ್ಟಿದ ಈ ಮೈ ಹಗುರವಾಗಿತ್ತು, ಗಟ್ಟಿಯೂ ಆಗಿತ್ತು. ತೊಡಕು ಬೇರೆ ಕಡೆ ಹುಟ್ಟಿತು. ಎಂಜಿನ್ನಿನ ನಡುಕ ಮತ್ತು ಚಕ್ರಗಳ ಸದ್ದು ನೇರವಾಗಿ ತಗಡಿಗೆ ಹರಿದು, ಇಡೀ ಕಾರು ತಮಟೆಯಂತೆ ಮೊಳಗತೊಡಗಿತು. ಸಸ್ಪೆನ್ಷನ್ ಕಚ್ಚಿಕೊಂಡ ಕಡೆಗಳಲ್ಲಿ ತೆಳು ತಗಡು ಬಿರುಕು ಬಿಡುತ್ತಿತ್ತು.

ಮೈಗೂ ಚಕ್ರಗಳಿಗೂ ನಡುವೆ ಒಂದು ಸಣ್ಣ ಚೌಕಟ್ಟನ್ನು ಇಡುವುದು ಇದಕ್ಕೆ ಕಂಡುಕೊಂಡ ಪರಿಹಾರ. 1953ರಲ್ಲಿ ಬಂದ ಮರ್ಸಿಡಿಸ್ ಬೆಂಜ್ 180 ಕಾರಿನಲ್ಲಿ ಎಂಜಿನ್, ಸ್ಟಿಯರಿಂಗ್ ಮತ್ತು ಮುಂದಿನ ಸಸ್ಪೆನ್ಷನ್ ಮೂರನ್ನೂ ಕವೆಯಾಕಾರದ ಒಂದು ಚೌಕಟ್ಟಿಗೆ ಕಟ್ಟಿ, ಆ ಚೌಕಟ್ಟನ್ನು ಮೂರು ಕಡೆ ರಬ್ಬರಿನ ಮೇಲೆ ಮೈಗೆ ಜೋಡಿಸಿದ್ದರು. ಜರ್ಮನರು ಇದನ್ನು ಫಾರ್‌ಷೆಮೆಲ್ ಎಂದು ಕರೆದರು. ಓಡುವ ಮಣೆ ಎಂದು ಅದನ್ನು ಕನ್ನಡಿಸಬಹುದು. ಸದ್ದು ರಬ್ಬರಿನಲ್ಲೇ ಅಡಗಿತು. ಜೊತೆಗೆ ಇನ್ನೊಂದು ಲಾಭವೂ ಸಿಕ್ಕಿತು: ಕಾರ್ಖಾನೆಯಲ್ಲಿ ಎಂಜಿನ್ನು ಮತ್ತು ಚಕ್ರಗಳನ್ನು ಮೊದಲೇ ಮಣೆಗೆ ಜೋಡಿಸಿ, ಒಟ್ಟಾಗಿ ಕೆಳಗಿನಿಂದ ಮೈಗೆ ಏರಿಸಬಹುದಾಗಿತ್ತು.

1961ರ ಜಾಗ್ವಾರ್ ಇ-ಟೈಪ್‌ನಲ್ಲಿ ಮುಂಭಾಗವೆಲ್ಲ ತೆಳು ಉಕ್ಕಿನ ಕೊಳವೆಗಳ ಜಾಲರಿ. ಅದನ್ನು ಪ್ರಯಾಣಿಕರ ಕೋಣೆಯ ಮುಂಗೋಡೆಗೆ ಬೋಲ್ಟ್ ಮಾಡಲಾಗಿತ್ತು. 1967ರ ಷೆವರ್ಲೆ ಕಮಾರೊ ಅರ್ಧ ಷಾಸಿ, ಅರ್ಧ ಏಕಕವಚ: ಮುಂದೆ ಭಾರಿ ಸಬ್‌ಫ್ರೇಮ್, ಹಿಂದೆ ಷಾಸಿಯಿಲ್ಲದ ಮೈ. 1968ರ ಜಾಗ್ವಾರ್ ಎಕ್ಸ್‌ಜೆ6 ತನ್ನ ನಿಶ್ಶಬ್ದ ಓಟಕ್ಕೆ ಹೆಸರಾಗಲು ರಬ್ಬರಿನ ಮೇಲೆ ಕೂತ ಸಬ್‌ಫ್ರೇಮೂ ಒಂದು ಕಾರಣ. ಮುಂಚಕ್ರಗಳೇ ಎಳೆಯುವ ಸಣ್ಣ ಕಾರುಗಳು ಜಗತ್ತಿನಾದ್ಯಂತ ಹರಡಿದ ಮೇಲೆ ಒತ್ತಿದ ತಗಡಿನ ಸಬ್‌ಫ್ರೇಮ್ ಸಾಮಾನ್ಯ ಸಂಗತಿಯಾಯಿತು.

ಮಿನಿ ಕಾರಿನ ಉದಾಹರಣೆ

ಸಬ್‌ಫ್ರೇಮಿನ ಕೆಲಸ, ಕೇಡು, ದುರಸ್ತಿ ಮೂರನ್ನೂ ಒಟ್ಟಿಗೆ ತೋರಿಸುವ ಕಾರು ಬ್ರಿಟನ್ನಿನ ಮಿನಿ. ಅಲೆಕ್ ಇಸಿಗೊನಿಸ್ ವಿನ್ಯಾಸ ಮಾಡಿದ ಈ ಪುಟ್ಟ ಕಾರು 1959ರ ಆಗಸ್ಟ್ 26ರಂದು ಬಿಡುಗಡೆಯಾಗಿ, 2000ದ ಅಕ್ಟೋಬರ್‌ವರೆಗೆ ತಯಾರಾಯಿತು; ಒಟ್ಟು ಸುಮಾರು 53 ಲಕ್ಷ ಕಾರುಗಳು ಹೊರಬಂದವು. ಮಾದರಿ ಕಾರುಗಳನ್ನು ಒರಟು ರಸ್ತೆಗಳಲ್ಲಿ ಓಡಿಸಿ ನೋಡಿದಾಗ ಸಸ್ಪೆನ್ಷನ್ನಿನ ಬಲವನ್ನು ತಾಳಲಾರದೆ ಮೈಯ ತಗಡು ಸೋತಿತ್ತು. ಆಗ ಮುಂದೊಂದು, ಹಿಂದೊಂದು ಸಬ್‌ಫ್ರೇಮ್ ಬಂದವು. ಅಡ್ಡಡ್ಡಲಾಗಿ ಕೂರಿಸಿದ ಎಂಜಿನ್, ಅದರ ಕೆಳಗಿನ ಗೇರ್‌ಬಾಕ್ಸ್, ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಶಂಕುಗಳ ಸಸ್ಪೆನ್ಷನ್, ಎಲ್ಲವೂ ಮುಂದಿನ ಚೌಕಟ್ಟಿನ ಒಳಗೇ ಸೇರಿಕೊಂಡವು.

ಈ ಚೌಕಟ್ಟಿನ ಎರಡು ಬದಿಯಲ್ಲಿ ಮೇಲಕ್ಕೆ ಎದ್ದ ಗೋಪುರಗಳಿವೆ. ಅವು ಎಂಜಿನ್ ಕೋಣೆಯ ಹಿಂಗೋಡೆಯ ತೊಲೆಗೆ ಬೋಲ್ಟಾಗುತ್ತವೆ; ಮುಂದಿನ ತುದಿ ಬಂಪರಿನ ಹಿಂದೆ, ಹಿಂದಿನ ತುದಿ ನೆಲದ ತಗಡಿಗೆ ಸೇರುತ್ತವೆ. 1976ರವರೆಗೆ ಇಲ್ಲೆಲ್ಲ ಲೋಹಕ್ಕೆ ಲೋಹವೇ ಕೂತಿತ್ತು. ಆ ವರ್ಷ ಸದ್ದಡಗಿಸಲು ನಡುವೆ ರಬ್ಬರ್ ತಂದರು. ಇಲ್ಲೊಂದು ಸೂಕ್ಷ್ಮವಿದೆ. ಮಿನಿಯ ಸ್ಟಿಯರಿಂಗ್ ರ‍್ಯಾಕ್ ಬಿಗಿದಿರುವುದು ಮೈಯ ನೆಲಕ್ಕೆ, ಸಬ್‌ಫ್ರೇಮಿಗಲ್ಲ. ಚಕ್ರಗಳು ಮಾತ್ರ ಸಬ್‌ಫ್ರೇಮಿನವು. ರಬ್ಬರು ಹಳತಾಗಿ ಸಬ್‌ಫ್ರೇಮ್ ಅಲುಗತೊಡಗಿದರೆ ಚಾಲಕ ಸ್ಟಿಯರಿಂಗ್ ತಿರುಗಿಸದಿದ್ದರೂ ಕಾರು ತಾನೇ ಸ್ವಲ್ಪ ತಿರುಗುತ್ತದೆ. ಅದಕ್ಕಾಗಿಯೇ ಅನೇಕ ಮಿನಿ ಪ್ರೇಮಿಗಳು ರಬ್ಬರು ತೆಗೆದು, ಹಳೆಯ ಕಾಲದಂತೆ ಲೋಹದ ಮೌಂಟ್‌ಗಳನ್ನು ಹಾಕಿಸುತ್ತಾರೆ.

ಮಿನಿಯಲ್ಲಿ ತುಕ್ಕಿಗೆ ಹೆಚ್ಚು ಬಲಿಯಾಗುವುದು ಹಿಂದಿನ ಸಬ್‌ಫ್ರೇಮ್. ಮುಂದಿನದು ಎಂಜಿನ್ನಿನಿಂದ ಸೋರುವ ಎಣ್ಣೆಯಲ್ಲಿ ವರ್ಷಗಟ್ಟಲೆ ಮಿಂದು ಅಷ್ಟಿಷ್ಟು ಉಳಿದುಕೊಳ್ಳುತ್ತದೆ ಎಂಬುದು ಮೆಕ್ಯಾನಿಕ್‌ಗಳ ನಡುವಿನ ಹಳೆಯ ನಗೆಮಾತು, ಅದರಲ್ಲಿ ಸತ್ಯವೂ ಇದೆ. ಆದರೆ ಮೂತಿಗೆ ಬಿದ್ದ ಸಣ್ಣ ಡಿಕ್ಕಿಯಲ್ಲೂ ಮುಂದಿನ ಚೌಕಟ್ಟಿನ ಕಿವಿಗಳು ಬಾಗುತ್ತವೆ. ಚಕ್ರವನ್ನು ಮುಂದಿನಿಂದ ಹಿಡಿದಿಡುವ ಟೈ ರಾಡ್ ಅಲ್ಲೇ ಕಚ್ಚಿಕೊಂಡಿರುವುದರಿಂದ ಕಿವಿ ಹಿಂದಕ್ಕೆ ಸರಿದಷ್ಟೂ ಚಕ್ರವೂ ಹಿಂದೆ ಸರಿಯುತ್ತದೆ. ಸುಮಾರು 3 ಡಿಗ್ರಿ ಇರಬೇಕಾದ ಕ್ಯಾಸ್ಟರ್ ಕೋನ (ಬದಿಯಿಂದ ನೋಡಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಒಂದು ಬದಿಯಲ್ಲಿ ಮಾತ್ರ ಇಳಿದು, ಕಾರು ಒಂದೇ ಕಡೆಗೆ ಎಳೆಯುತ್ತದೆ.

ಕೆಡುವ ಬಗೆ

ಸಬ್‌ಫ್ರೇಮ್ ಕೆಡುವುದು ಮುಖ್ಯವಾಗಿ ನಾಲ್ಕು ದಾರಿಗಳಲ್ಲಿ: ತುಕ್ಕು, ಪೆಟ್ಟು, ದಣಿವು, ಸಡಿಲ.

ತುಕ್ಕು ಇವುಗಳಲ್ಲಿ ಮೋಸಗಾರ. ಹಳೆಯ ಸಬ್‌ಫ್ರೇಮುಗಳು ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ದಪ್ಪದ ಒತ್ತಿದ ತಗಡಿನ ಎರಡು ಚಿಪ್ಪುಗಳನ್ನು ಅಂಚಿನಲ್ಲಿ ಬೆಸೆದು ಮಾಡಿದ ಟೊಳ್ಳು ಪೆಟ್ಟಿಗೆಗಳು. ಒಳಗೆ ಹೊಕ್ಕ ಕೆಸರು ಮತ್ತು ನೀರು ಹೊರಬರಲು ಇರುವ ರಂಧ್ರಗಳು ಮಣ್ಣಿನಿಂದ ಕಟ್ಟಿಕೊಂಡರೆ ಪೆಟ್ಟಿಗೆಯ ತಳ ಸದಾ ಒದ್ದೆ. ಹೊರಗಿನ ಬಣ್ಣ ಹೊಸದರಂತೆ ಕಾಣುತ್ತಿರುವಾಗಲೇ ಒಳಗೆ ಉಕ್ಕು ಪದರ ಪದರವಾಗಿ ಏಳುತ್ತಿರುತ್ತದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಎಷ್ಟೋ ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡುಗಳು ಒಂದರ ಮೇಲೊಂದು ಕೂತ ಅಂಚಿನಲ್ಲಿ ಅದು ಬೆಳೆದು ಬೆಸುಗೆಯನ್ನೇ ಬಿಡಿಸುತ್ತದೆ.

ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಈ ಕೆಲಸವನ್ನು ಚುರುಕುಗೊಳಿಸುತ್ತದೆ. 2011ರಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ 1999ರಿಂದ 2003ರವರೆಗಿನ ವಿಂಡ್‌ಸ್ಟಾರ್ ಮಾದರಿಯ ನಾಲ್ಕು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ವಾಪಸು ಕರೆಸಿತು. ಮುಂದಿನ ಸಬ್‌ಫ್ರೇಮಿಗೆ ತುಕ್ಕು ಹಿಡಿದು, ಲೋವರ್ ಆರ್ಮಿನ ಹಿಂದಿನ ಹಿಡಿತವೇ ಕಳಚಬಹುದೆಂಬುದು ಕಾರಣ. ಓಡುತ್ತಿರುವಾಗ ಆ ಹಿಡಿತ ತಪ್ಪಿದರೆ ಚಕ್ರ ತನ್ನ ದಿಕ್ಕು ತಾನೇ ಹಿಡಿಯುತ್ತದೆ.

ಪೆಟ್ಟು ಎಂದರೆ ದೊಡ್ಡ ಅಪಘಾತವೇ ಆಗಬೇಕಿಲ್ಲ. ಗುರುತಿಲ್ಲದ ಹಂಪ್‌ಗೆ ಹೊಟ್ಟೆ ತಾಗುವುದು, ಫುಟ್‌ಪಾತ್ ಅಂಚಿಗೆ ಚಕ್ರ ಬಡಿಯುವುದು, ಜಾಕಿಯನ್ನು ಕೊಡಬಾರದ ಕಡೆ ಕೊಡುವುದು, ಚರಂಡಿಗೆ ಇಳಿದ ಕಾರನ್ನು ಲೋವರ್ ಆರ್ಮಿಗೆ ಹಗ್ಗ ಕಟ್ಟಿ ಎಳೆಯುವುದು, ಇವೆಲ್ಲ ಚೌಕಟ್ಟನ್ನು ಬಾಗಿಸಬಲ್ಲವು. ದಣಿವಿನ ಬಿರುಕು ಬೆಸುಗೆಯ ಅಂಚಿನಲ್ಲೋ ಬೋಲ್ಟಿನ ರಂಧ್ರದ ಸುತ್ತಲೋ ಕೂದಲೆಳೆಯಷ್ಟು ಸಣ್ಣದಾಗಿ ಶುರುವಾಗುತ್ತದೆ. ಇನ್ನು ಸಡಿಲವೆಂದರೆ, ರಬ್ಬರ್ ಬುಷ್ ಹರಿದಿರಬಹುದು, ಇಲ್ಲವೇ ಬೋಲ್ಟು ಬಿಗಿ ಕಳೆದುಕೊಂಡು ರಂಧ್ರವನ್ನು ಮೊಟ್ಟೆಯಾಕಾರಕ್ಕೆ ಉಜ್ಜಿರಬಹುದು.

ಗುರುತಿಸುವುದು

ಚಾಲಕನಿಗೆ ಮೊದಲು ತಿಳಿಯುವುದು ಸದ್ದಿನಿಂದ. ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಇನ್ನೊಮ್ಮೆ ಕಾಲಡಿಯಲ್ಲಿ ಟಕ್ ಎಂದು ಕೇಳಿಸಿದರೆ ಬುಷ್ ಅಥವಾ ಬೋಲ್ಟಿನ ಮೇಲೆ ಅನುಮಾನ ಪಡಬೇಕು. ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಓರೆಯಾಗಿ ನಿಲ್ಲುವುದು, ಟೈರಿನ ಒಂದು ಅಂಚು ಮಾತ್ರ ಸವೆಯುವುದು, ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಕಾರು ಒಂದೇ ಕಡೆ ಎಳೆಯುವುದು ಮುಂದಿನ ಸೂಚನೆಗಳು.

ಅಲೈನ್‌ಮೆಂಟ್ ಯಂತ್ರ ಕೊಡುವ ಚೀಟಿಯನ್ನು ಓದಬಲ್ಲವರಿಗೆ ಅದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಸ್ಟ್ರಟ್ಟಿನ ತಲೆ ಮೈಗೂ, ಬುಡ ಲೋವರ್ ಆರ್ಮಿನ ಮೂಲಕ ಸಬ್‌ಫ್ರೇಮಿಗೂ ಸೇರಿರುತ್ತದೆ. ಸಬ್‌ಫ್ರೇಮ್ ಇಡಿಯಾಗಿ ಎಡಕ್ಕೆ ಜರುಗಿದರೆ ಎಡಚಕ್ರದ ಬುಡ ಹೊರಕ್ಕೆ ಹೋಗುತ್ತದೆ, ಬಲಚಕ್ರದ ಬುಡ ಒಳಕ್ಕೆ ಬರುತ್ತದೆ. ಹಾಗಾಗಿ ಕ್ಯಾಂಬರ್ ಕೋನ, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಒಂದು ಕಡೆ ಎಷ್ಟು ಇಳಿದಿದೆಯೋ ಇನ್ನೊಂದು ಕಡೆ ಅಷ್ಟೇ ಏರಿರುತ್ತದೆ. ತಲೆಗೂ ಬುಡಕ್ಕೂ 600 ಮಿಲಿಮೀಟರ್ ಅಂತರವಿದೆ ಎಂದುಕೊಂಡರೆ, 5 ಮಿಲಿಮೀಟರ್ ಜರುಗಿದಾಗ ಪ್ರತಿ ಬದಿಯಲ್ಲಿ ಸುಮಾರು ಅರ್ಧ ಡಿಗ್ರಿ ವ್ಯತ್ಯಾಸ ಬರುತ್ತದೆ. ಒಂದೇ ಬದಿಯ ಕೋನ ಕೆಟ್ಟು ಇನ್ನೊಂದು ಸರಿಯಿದ್ದರೆ ಇಡೀ ಚೌಕಟ್ಟು ಜರುಗಿಲ್ಲ. ಆ ಬದಿಯ ಆರ್ಮ್, ಸ್ಟ್ರಟ್ ಅಥವಾ ಸಬ್‌ಫ್ರೇಮಿನ ಆ ತುದಿ ಬಾಗಿದೆ.

ಕಾರನ್ನು ಲಿಫ್ಟಿಗೆ ಏರಿಸಿದ ಮೇಲೆ ಕಣ್ಣು ಮತ್ತು ಕೈಯ ಕೆಲಸ. ತಂತಿ ಬ್ರಷ್‌ನಿಂದ ಉಜ್ಜಿ, ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಉಕ್ಕು ಗಣಗಣ ಎನ್ನುತ್ತದೆ, ತುಕ್ಕು ತಿಂದದ್ದು ಮಡಕೆಯ ಒಡಕಿನಂತೆ ಮಂಕಾಗಿ ಸದ್ದು ಕೊಡುತ್ತದೆ. ಬೋಲ್ಟಿನ ವಾಷರ್ ಸುತ್ತ ಹೊಳೆಯುವ ಹೊಸ ಲೋಹ ಕಂಡರೆ ಚೌಕಟ್ಟು ಅಲ್ಲಿ ಉಜ್ಜಾಡಿದೆ ಎಂದರ್ಥ. ಬಿರುಕು ಹುಡುಕಲು ಹಳೆಯ ಉಪಾಯವೊಂದಿದೆ: ಜಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸೀಮೆಸುಣ್ಣದ ಪುಡಿ ಬಳಿಯುವುದು. ಬಿರುಕಿನೊಳಗೆ ಉಳಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಈಗ ಸ್ಪ್ರೇ ಡಬ್ಬಿಯಲ್ಲಿ ಸಿಗುವ ಕೆಂಪು ಡೈ ಮಾಡುವುದೂ ಇದೇ ಕೆಲಸವನ್ನು.

ಉಳಿಸುವುದೇ, ಬದಲಿಸುವುದೇ

ಯಾವ ಸಬ್‌ಫ್ರೇಮನ್ನು ದುರಸ್ತಿ ಮಾಡಬಹುದು ಎಂಬುದು ಅದರ ಲೋಹವನ್ನು ಅವಲಂಬಿಸಿದೆ. 1980ರ ದಶಕದವರೆಗಿನ ಬಹುಪಾಲು ಚೌಕಟ್ಟುಗಳು ಮೆದು ಉಕ್ಕಿನವು. ಇವನ್ನು ಕಾಯಿಸದೆ, ಜಿಗ್ ಎಂಬ ಹಿಡಿಮೇಜಿನಲ್ಲಿ ಬಿಗಿದು ಎಳೆದು ನೇರ ಮಾಡಬಹುದು, ಬೆಸೆಯಲೂಬಹುದು. ಆಮೇಲೆ ಬಂದ ಹೆಚ್ಚು ಬಲದ ಉಕ್ಕುಗಳು ಕಾವಿಗೆ ತಮ್ಮ ಬಲ ಕಳೆದುಕೊಳ್ಳುತ್ತವೆ. ಅಲ್ಯೂಮಿನಿಯಂ ಎರಕದ ಸಬ್‌ಫ್ರೇಮ್ ಬಾಗಿದರೆ ನೇರ ಮಾಡುವ ಪ್ರಯತ್ನದಲ್ಲೇ ಬಿರುಕು ಬಿಡಬಹುದು. ಇವೆರಡರಲ್ಲೂ ಬದಲಾವಣೆಯೇ ದಾರಿ.

ಮೆದು ಉಕ್ಕಿನಲ್ಲೂ ಮಿತಿಗಳಿವೆ. ಎರಡು ಹಿಡಿತಗಳ ನಡುವಿನ ಸಪಾಟು ಜಾಗದಲ್ಲಿ ಅಂಗೈಯಗಲ ತುಕ್ಕಿದ್ದರೆ ಕತ್ತರಿಸಿ ಹೊಸ ತಗಡು ಕೂರಿಸಬಹುದು. ಲೋವರ್ ಆರ್ಮಿನ ಹಿಡಿತ, ರ‍್ಯಾಕಿನ ಆಸನ, ಮೈಗೆ ಸೇರುವ ಬೋಲ್ಟಿನ ಕೊಳವೆ, ಇವುಗಳಲ್ಲಿ ಎರಡು ಮೂರು ಕೆಟ್ಟಿದ್ದರೆ ಪಾತ್ರೆಗೆ ತೇಪೆ ಹಾಕಿದಂತೆ ಹಾಕುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಇ-ಟೈಪ್‌ನ ಕೊಳವೆ ಚೌಕಟ್ಟು ಒಳಗಿನಿಂದ ತುಕ್ಕು ಹಿಡಿಯುವುದರಿಂದ, ಒಂದು ಕಡೆ ತೂತು ಕಂಡರೆ ಬೆಸುಗೆಗೆ ಹೋಗದೆ ಆ ಬದಿಯ ಚೌಕಟ್ಟನ್ನೇ ಹೊಸದಾಗಿ ತರಿಸುವುದು ರೂಢಿ. ಮಿನಿಯ ಅದೃಷ್ಟ ಬೇರೆ: ಇಂಗ್ಲೆಂಡಿನ ವಿಟ್ನಿಯಲ್ಲಿರುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಇಡೀ ಮೈಕಟ್ಟನ್ನೇ ಹೊಸದಾಗಿ ಮಾಡಿಕೊಡುತ್ತದೆ, ಹೊಸ ಸಬ್‌ಫ್ರೇಮುಗಳೂ ಮಾರುಕಟ್ಟೆಯಲ್ಲಿವೆ. ಹೊಸದು ಸುಲಭವಾಗಿ ಸಿಗುವ ಕಾರಿನಲ್ಲಿ ಹಳೆಯದರ ಮೇಲೆ ಎರಡು ದಿನ ಬೆಸುಗೆ ಮಾಡುವ ಕೂಲಿ ದುಬಾರಿಯೇ ಆದೀತು.

ಭಾರತದಲ್ಲಿ ಮಾದರಿ ನಿಂತುಹೋದ ಕಾರುಗಳಿಗೆ ಹೊಸ ಸಬ್‌ಫ್ರೇಮ್ ಸಿಗುವುದು ಕಷ್ಟ. ಬೆಂಗಳೂರಿನವರು ಮೊದಲು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಗೆ ಹೋಗುತ್ತಾರೆ. ಗುಜರಿಯ ಮಾಲಿನಲ್ಲಿ ನೋಡಬೇಕಾದ್ದು ಎರಡು: ಆ ಚೌಕಟ್ಟು ಅಪಘಾತದ ಕಾರಿನದೋ ಅಲ್ಲವೋ, ಅದು ಓಡಾಡಿದ್ದು ಒಣ ಊರಿನಲ್ಲೋ ಕಡಲ ತೀರದಲ್ಲೋ. ಹೊಸ ಕಪ್ಪು ಬಣ್ಣ ಬಳಿದಿಟ್ಟ ಚೌಕಟ್ಟಿಗಿಂತ ತುಕ್ಕಿನ ಬಣ್ಣದಲ್ಲೇ ಇರುವ ಚೌಕಟ್ಟು ವಾಸಿ, ಅದರ ನಿಜ ಸ್ಥಿತಿ ಕಣ್ಣಿಗೆ ಕಾಣುತ್ತದೆ.

ಅಳತೆ

ಬಿಚ್ಚುವ ಮೊದಲೇ ಅಳೆಯುವುದು ನಿಯಮ. ಬಿಚ್ಚಿದ ಮೇಲೆ ಚೌಕಟ್ಟು ಮೈಯ ಮೇಲೆ ಎಲ್ಲಿ ಕೂತಿತ್ತು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಬೋಲ್ಟಿನ ವಾಷರ್ ಸುತ್ತ ಮೊಳೆಯಿಂದ ಗೀರು ಹಾಕಿಯೋ ಬಣ್ಣದಿಂದ ಗೆರೆ ಎಳೆದೋ ಗುರುತು ಮಾಡಿಕೊಳ್ಳುತ್ತಾರೆ.

ಚೌಕಟ್ಟು ಬಾಗಿದೆಯೇ ಎಂದು ತಿಳಿಯಲು ಸರಳ ದಾರಿ ಮೂಲೆಯಿಂದ ಮೂಲೆಗೆ ಅಳೆಯುವುದು. ಎಡ ಮುಂದಿನ ರಂಧ್ರದಿಂದ ಬಲ ಹಿಂದಿನದಕ್ಕೆ ಒಂದು ಅಳತೆ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೆ ಇನ್ನೊಂದು. ಎರಡೂ ಒಂದೇ ಆದರೆ ಚೌಕ ಸರಿಯಿದೆ. ಬೇರೆಯಾದರೆ ಮಂಚ ಓರೆಯಾದಂತೆ ಅದು ಓರೆಯಾಗಿದೆ. ನಡುವೆ ಎಂಜಿನ್ ಅಡ್ಡ ಬರುವುದರಿಂದ ಟೇಪಿನ ಬದಲು ಟ್ರಾಮ್ ಗೇಜ್ ಎಂಬ ಕಾಲುಳ್ಳ ಅಳತೆಗೋಲು ಬಳಸುತ್ತಾರೆ. ಅದಿಲ್ಲದ ಕಡೆ ಗಾರೆ ಕೆಲಸದವರ ತೂಗುಗುಂಡು ಸಾಕು: ಪ್ರತಿ ಬಿಂದುವಿನಿಂದ ಗುಂಡು ಇಳಿಬಿಟ್ಟು, ಸಪಾಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಕಾರನ್ನು ಸರಿಸಿ, ಗುರುತುಗಳ ನಡುವೆ ಅಳೆಯಬಹುದು. ಆದರೆ ಎಲ್ಲ ಸಬ್‌ಫ್ರೇಮುಗಳ ಎಡಬಲ ಒಂದೇ ಆಗಿರುವುದಿಲ್ಲ. ಕಂಪನಿಯ ರಿಪೇರಿ ಪುಸ್ತಕದಲ್ಲಿ ಕೊಟ್ಟ ಅಳತೆಯೊಂದಿಗೆ ಹೋಲಿಸದೆ ತೀರ್ಮಾನಕ್ಕೆ ಬಂದರೆ ಸರಿಯಿರುವುದನ್ನೇ ಬಾಗಿಸಿದಂತಾದೀತು.

ಚೌಕಟ್ಟಿನಷ್ಟೇ ಮೈಯನ್ನೂ ಅಳೆಯಬೇಕು. ಡಿಕ್ಕಿಯಲ್ಲಿ ಸಬ್‌ಫ್ರೇಮ್ ಬಾಗಿದ್ದರೆ ಅದು ಕೂತಿದ್ದ ತೊಲೆಯೂ ಸರಿದಿರುವ ಸಾಧ್ಯತೆ ಹೆಚ್ಚು. ಸೊಟ್ಟ ಮೈಗೆ ನೇರ ಚೌಕಟ್ಟು ತಂದರೆ ಬೋಲ್ಟುಗಳು ರಂಧ್ರಕ್ಕೆ ಕೂರುವುದಿಲ್ಲ. ಆಗ ರಂಧ್ರವನ್ನು ಅರದಿಂದ ಅಗಲ ಮಾಡುವ ಚಾಳಿ ಕೆಲವು ಗ್ಯಾರೇಜುಗಳಲ್ಲಿದೆ. ಅಗಲವಾದ ರಂಧ್ರದಲ್ಲಿ ಚೌಕಟ್ಟು ಮತ್ತೆ ಜರುಗುತ್ತದೆ.

ಕಳಚುವುದು

ಸಬ್‌ಫ್ರೇಮ್ ಇಳಿಸುವ ಮುನ್ನ ಎಂಜಿನ್ನಿಗೆ ಬೇರೆ ಆಸರೆ ಬೇಕು. ಎಂಜಿನ್ ಕೋಣೆಯ ಎರಡು ಅಂಚಿಗೆ ಅಡ್ಡಲಾಗಿ ಉಕ್ಕಿನ ತೊಲೆಯಿಟ್ಟು, ಸರಪಳಿಯಿಂದ ಎಂಜಿನ್ನನ್ನು ಮೇಲಿನಿಂದ ತೂಗುಹಾಕುತ್ತಾರೆ. ಜಾಕಿಯ ಮೇಲೆ ಮಾತ್ರ ನಿಂತ ಕಾರಿನಡಿ ಈ ಕೆಲಸಕ್ಕೆ ಇಳಿಯುವುದು ಜೀವಕ್ಕೆ ಅಪಾಯ. ನಾಲ್ಕು ಗಟ್ಟಿ ಸ್ಟ್ಯಾಂಡುಗಳು ಅಥವಾ ಲಿಫ್ಟ್ ಇರಲೇಬೇಕು. ಬಾಲ್ ಜಾಯಿಂಟ್, ಆಂಟಿ ರೋಲ್ ಬಾರಿನ ಲಿಂಕ್, ರ‍್ಯಾಕ್ ಸೇರುವ ಕೀಲು, ಸೈಲೆನ್ಸರಿನ ಮುಂಗೊಳವೆ ಒಂದೊಂದಾಗಿ ಬಿಡಿಸಬೇಕಾಗುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ಟಿಯರಿಂಗ್ ಚಕ್ರವನ್ನು ನೇರವಾಗಿ ಲಾಕ್ ಮಾಡಿಡುತ್ತಾರೆ. ರ‍್ಯಾಕಿನಿಂದ ಬಿಡುಗಡೆಯಾದ ಚಕ್ರ ಮನಬಂದಂತೆ ತಿರುಗಿದರೆ ಅದರೊಳಗಿನ ಸುರುಳಿ ತಂತಿ ಹರಿಯುತ್ತದೆ.

ಮಿನಿಯಲ್ಲಿ ಕ್ರಮ ತಿರುಗುಮುರುಗು. ಎಂಜಿನ್ ಸಮೇತ ಸಬ್‌ಫ್ರೇಮನ್ನು ಚಕ್ರಗಳ ಮೇಲೆ ನೆಲದಲ್ಲೇ ಬಿಟ್ಟು, ಹಗುರವಾದ ಮೈಯ ಮೂತಿಯನ್ನು ಮೇಲೆತ್ತುತ್ತಾರೆ. ಹೈಡ್ರೊಲಾಸ್ಟಿಕ್ ಎಂಬ ದ್ರವದ ಸಸ್ಪೆನ್ಷನ್ ಇದ್ದ 1960ರ ದಶಕದ ಮಿನಿಗಳಲ್ಲಿ ಮೊದಲು ಆ ದ್ರವದ ಒತ್ತಡ ಇಳಿಸಬೇಕು.

ಇಪ್ಪತ್ತು ವರ್ಷ ಕದಲದ ಬೋಲ್ಟುಗಳು ಸುಲಭಕ್ಕೆ ಬಿಡುವುದಿಲ್ಲ. ಮೂರು ನಾಲ್ಕು ದಿನ ಮೊದಲಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತ, ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ಮರಳಿ ಬಿಗಿಯುತ್ತ ತೆಗೆಯುವುದು ಅನುಭವಿಗಳ ಕ್ರಮ. ಹಟ ಹಿಡಿದು ತಿರುಗಿಸಿದರೆ ಬೋಲ್ಟು ಮುರಿಯುತ್ತದೆ. ಇಲ್ಲವೇ ಮೈಯ ಪೆಟ್ಟಿಗೆಯೊಳಗೆ ಬೆಸೆದಿದ್ದ ನಟ್ಟು ಬಿಟ್ಟುಕೊಂಡು ಬೋಲ್ಟಿನ ಜೊತೆಗೇ ಗಿರಗಿರ ಸುತ್ತುತ್ತದೆ. ಆಗ ತೊಲೆಯ ಪಕ್ಕಕ್ಕೆ ಸಣ್ಣ ಕಿಟಕಿ ಕೊರೆದು, ನಟ್ಟನ್ನು ಮತ್ತೆ ಬೆಸೆದು, ಕಿಟಕಿ ಮುಚ್ಚಬೇಕಾಗುತ್ತದೆ.

ನೇರ ಮಾಡುವುದು ಮತ್ತು ಬೆಸುಗೆ

ಬಿಚ್ಚಿದ ಚೌಕಟ್ಟಿನಿಂದ ರಬ್ಬರ್ ಬುಷ್‌ಗಳನ್ನು ಒತ್ತಿ ತೆಗೆದು, ಮರಳು ಹೊಡೆಸಿ ಬರಿ ಉಕ್ಕಿಗೆ ತರುತ್ತಾರೆ. ಎಷ್ಟೋ ಸಲ ಗಟ್ಟಿಯೆಂದು ನಂಬಿದ್ದ ಜಾಗ ಮರಳಿನ ಹೊಡೆತಕ್ಕೆ ತೂತಾಗಿ, ಉಳಿಸುವ ತೀರ್ಮಾನವೇ ಇಲ್ಲಿ ಬದಲಾಗುವುದುಂಟು.

ಮುಂದೆ ಜಿಗ್. ದಪ್ಪ ಉಕ್ಕಿನ ಮೇಜಿನ ಮೇಲೆ ಚೌಕಟ್ಟಿನ ಎಲ್ಲ ಹಿಡಿತಗಳಿಗೂ ಸರಿಯಾದ ಜಾಗದಲ್ಲಿ ಕಂಬಗಳಿರುತ್ತವೆ. ಚೌಕಟ್ಟನ್ನು ಅವಕ್ಕೆ ಬೋಲ್ಟ್ ಮಾಡಿದ ಮೇಲೆಯೇ ಬೆಸುಗೆ ಶುರು. ಕರಗಿದ ಉಕ್ಕು ಆರುವಾಗ ಕುಗ್ಗಿ, ಸುತ್ತಲಿನ ತಗಡನ್ನು ತನ್ನತ್ತ ಎಳೆಯುತ್ತದೆ. ಕಟ್ಟಿಹಾಕದ ಚೌಕಟ್ಟು ದುರಸ್ತಿಯಲ್ಲೇ ಸೊಟ್ಟಗಾಗುತ್ತದೆ. ಜಿಗ್ ಇಲ್ಲದ ಸಣ್ಣ ಗ್ಯಾರೇಜುಗಳಲ್ಲಿ ಬಿಚ್ಚುವ ಮುನ್ನ ಅಳೆದ ಚೌಕಟ್ಟಿನ ರಂಧ್ರಗಳಿಗೆ ಆಂಗಲ್ ಕಬ್ಬಿಣ ಬಿಗಿದು ತಾತ್ಕಾಲಿಕ ಕಟ್ಟು ಹಾಕುತ್ತಾರೆ. ಒಂದೇ ಕಡೆ ಉದ್ದ ಬೆಸುಗೆ ಎಳೆಯದೆ, ಹೊಲಿಗೆಯಂತೆ ಅಲ್ಲೊಂದು ಇಲ್ಲೊಂದು ಅಂಗುಲ ಬೆಸೆದು, ನಡುನಡುವೆ ಆರಲು ಬಿಟ್ಟು ಕೊನೆಗೆ ಸೇರಿಸುವುದು ಕುಗ್ಗನ್ನು ಹಂಚುವ ದಾರಿ.

ಬಿರುಕನ್ನು ಬೆಸೆಯಲು ಅದರ ಎರಡು ತುದಿಗಳಲ್ಲಿ ಸಣ್ಣ ರಂಧ್ರ ಕೊರೆದು ಮುಂದೆ ಹರಿಯದಂತೆ ತಡೆಯುತ್ತಾರೆ. ಅನಂತರ ಗ್ರೈಂಡರಿನಿಂದ ಇಂಗ್ಲಿಷಿನ ವಿ ಆಕಾರದಲ್ಲಿ ಸೀಳಿ, ತಳದವರೆಗೆ ಲೋಹ ತುಂಬುತ್ತಾರೆ. ಮೇಲೆ ಬಲಕ್ಕೆಂದು ಹಾಕುವ ಪಟ್ಟಿ ಚೌಕವಾಗಿರದೆ ಎಲೆಯಂತೆ ಎರಡು ಕಡೆ ಮೊನಚಾಗಿರುವುದು ಒಳ್ಳೆಯದು. ಚೌಕ ಪಟ್ಟಿಯ ಅಂಚಿನಲ್ಲಿ ಗಟ್ಟಿ ಭಾಗ ಒಮ್ಮೆಲೇ ಮುಗಿದು ಮೆದು ಭಾಗ ಶುರುವಾಗುವುದರಿಂದ ಮುಂದಿನ ಬಿರುಕು ಸರಿಯಾಗಿ ಆ ಗೆರೆಯ ಮೇಲೆಯೇ ಏಳುತ್ತದೆ. ತುಕ್ಕು ಹಿಡಿದ ತಗಡಿನ ಮೇಲೆ ಹೊಸ ತಗಡು ಹೊದಿಸುವುದು ದೊಡ್ಡ ತಪ್ಪು: ಒಳಗಿನ ತುಕ್ಕು ಕಣ್ಮರೆಯಾಗಿ ಬೆಳೆಯುತ್ತದೆ. ಕೆಟ್ಟದ್ದನ್ನು ಗಟ್ಟಿ ಉಕ್ಕು ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಅಂಚಿಗೆ ಅಂಚು ಸೇರಿಸಿ ಬೆಸೆಯಬೇಕು.

ಈ ಕೆಲಸಕ್ಕೆ ತಂತಿ ತಾನೇ ಹರಿದುಬರುವ ಸಿಒಟು ವೆಲ್ಡಿಂಗ್ ಹೆಚ್ಚು ಬಳಕೆಯಲ್ಲಿದೆ. ಕಾವು ಒಂದೇ ಕಡೆ ನಿಲ್ಲುವುದರಿಂದ ಹಳೆಯ ಗ್ಯಾಸ್ ವೆಲ್ಡಿಂಗಿಗಿಂತ ತಗಡು ಕಡಿಮೆ ಸೊಟ್ಟಗಾಗುತ್ತದೆ. ಕಾರಿನಲ್ಲೇ ಬೆಸೆಯಬೇಕಾಗಿ ಬಂದರೆ ಬ್ಯಾಟರಿ ಬಿಡಿಸಿ, ಪೆಟ್ರೋಲ್ ಕೊಳವೆ ಮತ್ತು ಬ್ರೇಕ್ ಹೋಸ್‌ಗಳನ್ನು ದೂರ ಸರಿಸಿ, ಬೆಂಕಿ ಆರಿಸುವ ಸಾಧನ ಕೈಗೆಟುಕುವಂತೆ ಇಟ್ಟುಕೊಳ್ಳಬೇಕು. ಸತು ಲೇಪಿಸಿದ ತಗಡಿನ ಹೊಗೆ ಚಳಿಜ್ವರದಂಥ ಬೇನೆ ತರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಲ್ಲಿ ತೊಳೆದ ಭಾಗವನ್ನು ಒಣಗಿಸದೆ ಬೆಸೆದರೆ ಫಾಸ್‌ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಮರುಜೋಡಣೆ

ಬಣ್ಣ ಹೊರಕ್ಕೆ, ಮೇಣ ಒಳಕ್ಕೆ. ಹೊರಮೈಗೆ ಎಪಾಕ್ಸಿ ಪ್ರೈಮರ್ ಮತ್ತು ಬಣ್ಣ ಹೊಡೆದ ಮೇಲೆ, ಟೊಳ್ಳಿನೊಳಗೆ ಉದ್ದ ನಳಿಕೆಯಿಂದ ಮೇಣದ ದ್ರವ ಸಿಂಪಡಿಸುತ್ತಾರೆ; ನೀರು ಹರಿಯುವ ರಂಧ್ರಗಳನ್ನು ತೆರೆದಿಡುತ್ತಾರೆ. ದಪ್ಪ ಪೌಡರ್ ಕೋಟಿಂಗ್ ಅಂದವಾಗಿ ಕಾಣುತ್ತದೆ, ಆದರೆ ಕಲ್ಲು ತಾಗಿ ಒಂದು ಕಡೆ ಒಡೆದರೆ ಅದರಡಿ ನೀರು ನುಸುಳುತ್ತದೆ, ಹೊಸ ಬಿರುಕನ್ನೂ ಅದು ಮರೆಮಾಡುತ್ತದೆ.

ಕೂರಿಸುವಾಗ ಎಲ್ಲ ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಚೌಕಟ್ಟನ್ನು ಅದರ ಜಾಗಕ್ಕೆ ತಂದು, ಆಮೇಲೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯುತ್ತಾರೆ. ಮೊದಲ ಕಮಾರೊಗಳಲ್ಲಿ ಇದಕ್ಕೆಂದೇ ಸಬ್‌ಫ್ರೇಮಿನಲ್ಲೂ ಮೈಯಲ್ಲೂ ಒಂದಕ್ಕೊಂದು ಸರಿಹೊಂದುವ ರಂಧ್ರಗಳಿವೆ. ಅವುಗಳಲ್ಲಿ ಉಕ್ಕಿನ ಸಲಾಕೆ ತೂರಿಸಿದರೆ ಚೌಕಟ್ಟು ನೇರವಾಗಿ ನಿಲ್ಲುತ್ತದೆ. ಒಮ್ಮೆ ಬಿಗಿದಾಗ ಹಿಗ್ಗುವಂತೆ ಮಾಡಿದ ಬೋಲ್ಟುಗಳನ್ನು ಮರಳಿ ಬಳಸುವಂತಿಲ್ಲ.

ಬಹಳ ಮಂದಿ ಎಡವುವುದು ಲೋವರ್ ಆರ್ಮಿನ ಬುಷ್‌ನಲ್ಲಿ. ಚಕ್ರಗಳು ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಅದರ ಬೋಲ್ಟು ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಾರಿನ ತೂಕ ಚಕ್ರಗಳ ಮೇಲೆ ಬಿದ್ದ ನಂತರವೇ ಆ ಬೋಲ್ಟುಗಳಿಗೆ ಕೊನೆಯ ಬಿಗಿ ಕೊಡಬೇಕು. ಕೊನೆಯಲ್ಲಿ ಅಲೈನ್‌ಮೆಂಟ್. ಮಿನಿಯ ಮುಂಚಕ್ರಗಳ ಮೂತಿ ಪರಸ್ಪರ ಹೊರಕ್ಕೆ ತೆರೆದಿರಬೇಕಾದ್ದು ಒಟ್ಟು 1.6 ಮಿಲಿಮೀಟರ್ ಮಾತ್ರ. ಅಲ್ಲಿಗೆ ತರಲು ಸ್ಟಿಯರಿಂಗಿನ ಟೈ ರಾಡುಗಳನ್ನು ಒಂದು ಬದಿಯಲ್ಲಿ ವಿಪರೀತ ತಿರುಗಿಸಬೇಕಾಗಿ ಬಂದರೆ ಚೌಕಟ್ಟು ಇನ್ನೂ ಓರೆಯಿದೆ ಎಂದೇ ಲೆಕ್ಕ.

ನಿಯಮಗಳು ಮತ್ತು ನಮ್ಮ ನೆಲ

ಬ್ರಿಟನ್ನಿನ ಎಂಒಟಿ ಎಂಬ ವಾಹನ ತಪಾಸಣೆ 1960ರಲ್ಲಿ ಶುರುವಾಯಿತು. ಸಸ್ಪೆನ್ಷನ್, ಸ್ಟಿಯರಿಂಗ್, ಸಬ್‌ಫ್ರೇಮ್ ಮುಂತಾದವುಗಳ ಹಿಡಿತದಿಂದ 30 ಸೆಂಟಿಮೀಟರ್ ಒಳಗೆ ಬಲ ಕುಂದಿಸುವ ತುಕ್ಕಿದ್ದರೆ ಅಲ್ಲಿ ಕಾರು ಫೇಲಾಗುತ್ತದೆ. ಆ ಜಾಗದಲ್ಲಿ ಹಾಕಿದ ತೇಪೆಯ ಎಲ್ಲ ಅಂಚುಗಳೂ ಬಿಡುವಿಲ್ಲದ ಬೆಸುಗೆಯಿಂದ ಸೇರಿರಬೇಕು. ಅಂಟಿನ ಕೆಲಸ ನಡೆಯದು. ಭಾರತದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಳೆಯ ಕಾರು ಉಳಿಸಿಕೊಳ್ಳುವವರು ಸಬ್‌ಫ್ರೇಮಿನ ಕಡೆ ಕಣ್ಣು ಹಾಯಿಸುವುದು ಬಹಳ ಸಲ ಆ ನವೀಕರಣದ ಹೊತ್ತಿಗೆ.

ಕರ್ನಾಟಕದಲ್ಲಿ ರಸ್ತೆಗೆ ಯಾರೂ ಉಪ್ಪು ಸುರಿಯುವುದಿಲ್ಲ, ಆದರೆ ಕರಾವಳಿಗೆ ಗಾಳಿಯೇ ಉಪ್ಪು ತರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಸುತ್ತ ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬಯಲುಸೀಮೆಯಲ್ಲಿ ಓಡಿದ ಕಾರಿನ ಚೌಕಟ್ಟಿಗೆ ಹಂಪು ಮತ್ತು ಗುಂಡಿಗಳ ಪೆಟ್ಟು ದೊಡ್ಡದಾದರೆ, ಕರಾವಳಿಯ ಕಾರಿಗೆ ತುಕ್ಕೇ ದೊಡ್ಡದು. ದುರಸ್ತಿಯಾದ ಸಬ್‌ಫ್ರೇಮಿನ ಬೋಲ್ಟುಗಳ ಮೇಲೆ ಬಣ್ಣದ ಗೆರೆ ಎಳೆದು, ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಗೆರೆ ತಪ್ಪಿದೆಯೇ ಎಂದು ನೋಡುವುದು ಎರಡೂ ಕಡೆಗೆ ಸಾಮಾನ್ಯ. ಕರಾವಳಿಯಲ್ಲಿ ಅದರ ಜೊತೆಗೆ, ಪ್ರತಿ ವರ್ಷ ಮೇ ತಿಂಗಳಲ್ಲಿ ಚೌಕಟ್ಟಿನ ರಂಧ್ರಗಳ ಮಣ್ಣು ತೆಗೆದು, ಒಳಗೆ ಒಣಗಿದ ಮೇಲೆ ಮತ್ತೊಂದು ಪದರ ಮೇಣ ಹೊಡೆಸಬೇಕಾಗುತ್ತದೆ.